ನೂಡಲ್ಸ್‌ಗೆ ಒಂದೇ ಅಳತೆಗೋಲು ಸಾಲದು
ಏಷ್ಯಾದ ಇನ್‌ಸ್ಟಂಟ್ ನೂಡಲ್ಸ್‌ಗಳನ್ನೆಲ್ಲ ಒಂದೇ ಸಾಲಿನಲ್ಲಿಟ್ಟು ಐದಕ್ಕೆ ಇಷ್ಟೆಂದು ಅಂಕ ಕೊಡುವ ಪದ್ಧತಿ ರುಚಿಗೂ ನ್ಯಾಯ ಒದಗಿಸುವುದಿಲ್ಲ, ಕೊಳ್ಳುವವರಿಗೂ ನೆರವಾಗುವುದಿಲ್ಲ. 1958ರಲ್ಲಿ ಮೊಮೊಫುಕು ಆಂಡೋ ಜಪಾನಿನ ಮಾರುಕಟ್ಟೆಗೆ ತಂದ ಚಿಕನ್ ರಾಮೆನ್‌ನಲ್ಲಿ ರುಚಿಯೆಲ್ಲ ಎಳೆಯಲ್ಲೇ ಇಳಿದಿರುತ್ತದೆ. ಬಿಸಿನೀರು ಸುರಿದರೆ ಸಾರು ಸಿದ್ಧ. ಇಂಡೊನೇಷ್ಯಾದ ಇಂಡೊಮಿ ಮೀ ಗೊರೆಂಗ್‌ನಲ್ಲಿ ಸಾರೇ ಇಲ್ಲ: ಬೇಯಿಸಿದ ನೀರು ಬಸಿದು, ಪುಡಿ, ಎಣ್ಣೆ, ಸಿಹಿ ಸೋಯಾ ಸಾಸ್, ಖಾರ ಎಲ್ಲವನ್ನೂ ತಟ್ಟೆಯಲ್ಲಿ ಕಲಸಿ, ಮೇಲೆ ಹುರಿದ ಈರುಳ್ಳಿ ಉದುರಿಸಬೇಕು. ಕೊರಿಯಾದ ಶಿನ್ ರಾಮ್ಯುನ್‌ನ ದಪ್ಪ ಎಳೆಯಾದರೋ ಒಲೆಯ ಮೇಲೆ ಖಾರದ ಸಾರಿನಲ್ಲೇ ಕುದಿಯಬೇಕು. ಇವುಗಳಲ್ಲಿ ಯಾವುದು ಮೇಲೆಂದು ಕೇಳುವುದು ಬಿಸಿಬೇಳೆಬಾತನ್ನೂ ಚಿತ್ರಾನ್ನವನ್ನೂ ಪೈಪೋಟಿಗೆ ನಿಲ್ಲಿಸಿದಂತೆ. ತಯಾರಕರಿಗೇ ಒಂದೇ ರುಚಿಯ ಮೇಲೆ ನಂಬಿಕೆಯಿಲ್ಲ: ನಿಸ್ಸಿನ್ ಕಂಪನಿಯ ಡೊನ್‌ಬೇ ಉಡಾನ್ ಜಪಾನಿನ ಪೂರ್ವಕ್ಕೆ ಒಣಮೀನಿನ ಗಾಢ ಸಾರಿನಲ್ಲೂ, ಪಶ್ಚಿಮಕ್ಕೆ ಕಡಲಪಾಚಿಯ ತಿಳಿಸಾರಿನಲ್ಲೂ ಬೇರೆ ಬೇರೆಯಾಗಿ ಬರುತ್ತದೆ. ಒಂದೇ ದೇಶದ ನಾಲಿಗೆ ಹೀಗೆ ಎರಡಾದರೆ, ಇಡೀ ಖಂಡಕ್ಕೆ ಒಂದೇ ಪಟ್ಟಿ ಹೇಗಾದೀತು? ಅಂಗಡಿಯಲ್ಲಿ ನಿಂತ ಗ್ರಾಹಕನಿಗೆ ಇಷ್ಟೆಲ್ಲ ವಿವರ ಬೇಡ, ಒಂದು ಅಂಕಿ ಸಾಕು ಎನ್ನುವವರಿದ್ದಾರೆ. ಅವರ ಅವಸರ ಸಹಜವೇ. ಆದರೆ ಖಾರ ತಡೆಯದವನಿಗೆ ಖಾರಪ್ರಿಯನ ಐದು ನಕ್ಷತ್ರದಿಂದ ಏನು ಪ್ರಯೋಜನ? ಎಲ್ಲ ರುಚಿಯೂ ಅವರವರ ನಾಲಿಗೆಗೆ ಬಿಟ್ಟದ್ದು, ಅಂಕವೇ ಬೇಡ ಎಂಬ ವಾದವನ್ನೂ ಪೂರ್ತಿ ಒಪ್ಪಲಾಗದು. ಎಳೆ ಹದವಾಗಿ ಬೆಂದೂ ಬಿಗಿ ಉಳಿಸಿಕೊಂಡಿದೆಯೇ, ಉಪ್ಪು ಉಳಿದ ರುಚಿಯನ್ನು ನುಂಗಿದೆಯೇ, ಕರಿದ ಎಣ್ಣೆ ಕಮಟಾಗಿದೆಯೇ ಎಂಬುದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಆದ್ದರಿಂದ ಅಂಕ ಇರಲಿ, ಆದರೆ ಸಾರಿನದನ್ನು ಸಾರಿನದರೊಂದಿಗೆ, ಕಲಸುವುದನ್ನು ಕಲಸುವುದರೊಂದಿಗೆ ಹೋಲಿಸಿ, ಖಾರದ ಮಟ್ಟವನ್ನು ಬೇರೆಯಾಗಿ ಬರೆದು, ಪೊಟ್ಟಣದ ಮೇಲೆ ಹೇಳಿದಂತೆಯೇ ಬೇಯಿಸಿ ಕೊಟ್ಟ ಅಂಕವಾಗಿರಲಿ.