ಚಿನ್ನಕ್ಕೆ ಮೂರು, ಕಾಲಿಗೆ ಹದಿನೆಂಟು!

ಬೆಳ್ಳಾರೆಯ ಸುತ್ತ ಎತ್ತ ನೋಡಿದರೂ ಅಡಿಕೆ ತೋಟ. ಆ ಮರಗಳನ್ನು ಹತ್ತುವವನ ಕೈ ಒಮ್ಮೆ ಜಾರಿದರೆ ಬೆನ್ನುಮೂಳೆ ಮುರಿಯುತ್ತದೆ. ಜೀವ ಉಳಿದರೂ ಸೊಂಟದ ಕೆಳಗಿನ ಬಲ ಉಳಿಯುವುದಿಲ್ಲ. ಕಾರ್ಖಾನೆಯ ಕೆಲಸಗಾರನಿಗೆ ಇ.ಎಸ್.ಐ. ಎಂಬ ಆಸರೆಯಾದರೂ ಇದೆ. ದಿನಗೂಲಿಗೆ ಮರ ಹತ್ತುವವನಿಗೆ ಅದೂ ಇಲ್ಲ. ಅಡಿಕೆ ಧಣಿಯ ಅಂಗಳ ಸೇರುತ್ತದೆ, ಅಡಿಕೆ ಕೊಯ್ದವನು ಮನೆಯ ಮೂಲೆ ಸೇರುತ್ತಾನೆ. ಇದೇ ಸೀಮೆಯ ಸರಕಾರಿ ಗೇರು ತೋಪುಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದು, ಹುಟ್ಟುವ ಮಕ್ಕಳ ಕೈಕಾಲು ಕಸಿದ ಕಥೆಯೂ ನಿಮಗೆ ತಿಳಿದದ್ದೇ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ನಿಷೇಧಿಸಿತು. ಹೋದ ಕಾಲು ಬರಲಿಲ್ಲ.

ಇವರಿಗೆ ಬೇಕಾದುದು ಕನಿಕರವಲ್ಲ, ಚಕ್ರ.

ಪಟ್ಟಣದ ನುಣುಪು ನೆಲದ ಗಾಲಿಕುರ್ಚಿ ನಮ್ಮ ಊರಿನಲ್ಲಿ ಓಡದು. ಮನೆಯಿಂದ ಡಾಮರು ರಸ್ತೆಗೆ ಬರಬೇಕಾದರೆ ಮುರಕಲ್ಲಿನ ಏರು ಹತ್ತಬೇಕು. ಆಟಿಯ ಮಳೆಯಲ್ಲಿ ಅದೇ ಏರು ತೋಡಾಗುತ್ತದೆ. ಇಲ್ಲಿ ನಡೆಯುವುದು ಹಿಂದೆ ಎರಡೂ ಬದಿಗೆ ಚಕ್ರ ಕೂಡಿಸಿದ ಸ್ಕೂಟರು. ಅದೊಂದು ಇದ್ದರೆ ಕಾಲಿಲ್ಲದವನು ಪೇಟೆಯಲ್ಲಿ ಅಂಗಡಿ ಇಡುತ್ತಾನೆ, ಬೀಡಿ ಕಟ್ಟುವ ಅಕ್ಕ ತಾನೇ ಬ್ರಾಂಚಿಗೆ ಹೋಗಿ ಲೆಕ್ಕ ಒಪ್ಪಿಸುತ್ತಾಳೆ. ಇಲ್ಲದಿದ್ದರೆ ಪ್ರತಿ ಸಲವೂ ಬಾಡಿಗೆ ರಿಕ್ಷಾ. ದುಡಿದದ್ದರಲ್ಲಿ ದೊಡ್ಡ ಪಾಲು ಬಾಡಿಗೆಗೇ ಸಂದಾಯ.

ಈಗ ಲೆಕ್ಕ ಹಾಕಿ. ಸ್ಕೂಟರು, ಬದಿ ಚಕ್ರ, ನೋಂದಣಿ, ವಿಮೆ ಎಲ್ಲ ಸೇರಿದರೆ ಲಕ್ಷ ರೂಪಾಯಿ ದಾಟುತ್ತದೆ. ತೀವ್ರ ಅಂಗವಿಕಲನಿಗೆ ರಾಜ್ಯ ಸರಕಾರ ಕೊಡುವ ಮಾಸಾಶನ 1,400 ರೂಪಾಯಿ. ಒಂದು ಹೊತ್ತೂ ಉಣ್ಣದೆ ಅದನ್ನು ಕೂಡಿಟ್ಟರೂ ಲಕ್ಷವಾಗಲು ಆರು ವರ್ಷ ಬೇಕು. ಕಡಿಮೆ ವೈಕಲ್ಯದವನ 800 ರೂಪಾಯಿಗಾದರೆ ಹತ್ತು ವರ್ಷ ಮೀರುತ್ತದೆ. ದಿಲ್ಲಿಯ ಪಾಲು ಎಷ್ಟು? ತಿಂಗಳಿಗೆ 300 ರೂಪಾಯಿ; 2012ರಲ್ಲಿ ನಿಗದಿಯಾದದ್ದು. ಅಕ್ಕಿ, ಎಣ್ಣೆ, ಪೆಟ್ರೋಲಿನ ಬೆಲೆ ಏರಿದ್ದು ದಿಲ್ಲಿಯ ಮಹನೀಯರ ಕಿವಿಗೆ ಬಿದ್ದಿಲ್ಲವೆ?

ಕೊಡುವ ಕೈ ಇಷ್ಟು ಚಿಕ್ಕದು. ಕಸಿಯುವ ಕೈ ನೋಡಿ. 2017ರಲ್ಲಿ ಜಿ.ಎಸ್.ಟಿ. ಬಂದಾಗ ಚಿನ್ನಕ್ಕೆ ನೂರಕ್ಕೆ 3 ತೆರಿಗೆ, ಅಂಗವಿಕಲರ ಗಾಲಿಕುರ್ಚಿಗೆ ನೂರಕ್ಕೆ 5! ನಡೆಯಲಾರದವನು ಕೊಳ್ಳುವ ಸ್ಕೂಟರಿನ ಮೇಲಂತೂ ಎಲ್ಲರಂತೆ ನೂರಕ್ಕೆ 28. 2025ರ ಸೆಪ್ಟೆಂಬರ್ 22ರಿಂದ 18. ಅದೇ ಅಂಗವಿಕಲ ಕಾರು ಕೊಳ್ಳುವಷ್ಟು ಸ್ಥಿತಿವಂತನಾಗಿದ್ದರೆ 2017ರಿಂದಲೇ ಅವನಿಗೆ 18ರ ರಿಯಾಯಿತಿ ಇತ್ತು. ಕಾರಿನವನ ಕಾಲಿಗೆ ಒಂದು ನ್ಯಾಯ, ಸ್ಕೂಟರಿನವನ ಕಾಲಿಗೆ ಇನ್ನೊಂದು ನ್ಯಾಯ! ತಕ್ಕಡಿ ಹಿಡಿದು ಬಾಳುವ ವ್ಯಾಪಾರಿ ಮಿತ್ರರೇ, ಇಂಥ ತೂಕ ನಿಮ್ಮ ಅಂಗಡಿಯಲ್ಲಿ ನಡೆದರೆ ಗಿರಾಕಿಗಳು ಬಿಟ್ಟಾರೆಯೆ?

ತೆರಿಗೆಯ ಅನ್ಯಾಯವನ್ನು ಬೆಳ್ಳಾರೆ ಹಿಂದೆಯೂ ಕಂಡಿದೆ. 1834ರಲ್ಲಿ ಕೊಡಗು ಇಂಗ್ಲಿಷರ ವಶವಾಗಿ ಅಮರ ಸುಳ್ಯ ಸೀಮೆ ಕನ್ನಡ ಜಿಲ್ಲೆಗೆ ಸೇರಿದಾಗ, ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಿನಲ್ಲೇ ಕಟ್ಟಬೇಕೆಂಬ ಕಟ್ಟಳೆ ಬಂತು. 1837ರಲ್ಲಿ ರೈತರು ಎದ್ದು ಇದೇ ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡರು. ಇಲ್ಲದವನಿಂದ ಇಲ್ಲದ್ದನ್ನು ಕೇಳಬಾರದೆಂಬ ಪಾಠವನ್ನು ಈ ಮಣ್ಣು ಅಂದೇ ಹೇಳಿದೆ.

"ಸರಕಾರ ಪುಕ್ಕಟೆಯಾಗಿಯೇ ವಾಹನ ಹಂಚುತ್ತದಲ್ಲ?" ಎಂದು ಕೆಲವರು ಕೇಳುತ್ತಾರೆ. ಹೌದು, ಹಂಚುತ್ತದೆ. ಆದರೆ ಅದರ ಬಾಗಿಲು ಎಷ್ಟು ಕಿರಿದು! ರಾಜ್ಯದ ಯೋಜನೆಗೆ ನೂರಕ್ಕೆ 75 ವೈಕಲ್ಯ ಬೇಕು. ಕೇಂದ್ರದ ಮೋಟಾರು ತ್ರಿಚಕ್ರಕ್ಕೆ 80. 2016ರ ಹಕ್ಕುಗಳ ಕಾಯಿದೆಯೇ 40ನ್ನು ಗಡಿಯಾಗಿ ಒಪ್ಪಿರುವಾಗ ಈ ಬೇರೆ ಗಡಿ ಏಕೆ? 60 ಇದ್ದವನು ಆ ಏರನ್ನು ಹಾರಿಕೊಂಡು ಹತ್ತಬೇಕೆ? ಗಡಿ ದಾಟಿದವರಿಗೂ ವರ್ಷವರ್ಷ ಸಿಗುವುದು ಕೆಲವೇ ವಾಹನ. ಅವುಗಳನ್ನು ಶಾಮಿಯಾನದ ಕೆಳಗೆ ಸಾಲಾಗಿ ನಿಲ್ಲಿಸಿ, ಹಾರ ಹಾಕಿ, ಮಂತ್ರಿಗಳು ಬೀಗದ ಕೈ ಕೊಡುವ ಪಟ ತೆಗೆಸುತ್ತಾರೆ. ಹಕ್ಕನ್ನು ಹಬ್ಬದ ದಾನ ಮಾಡಿದ್ದಾರೆ. ಹೆಸರು ಮಾತ್ರ ಬದಲಾಗುತ್ತ ಬಂತು: ಅಂಗವಿಕಲ ಹೋಗಿ ವಿಕಲಚೇತನ ಆಯಿತು, 2015ರಲ್ಲಿ ಪ್ರಧಾನಿಗಳು ದಿವ್ಯಾಂಗ ಎಂದರು. ಹೆಸರು ಹತ್ತಿ ಏರು ದಾಟಲಾದೀತೆ?

"ಖಜಾನೆಯಲ್ಲಿ ಹಣವಿಲ್ಲ" ಎಂಬುದು ಇನ್ನೊಂದು ಸಬೂಬು. ಮಹಾಯುದ್ಧದಿಂದ ಬಸವಳಿದು, ಜನ ಪಡಿತರ ಚೀಟಿ ಹಿಡಿದು ನಿಂತಿದ್ದ 1948ರಲ್ಲಿಯೇ ಬ್ರಿಟನ್ನು ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಕಟ್ಟಿತು. ಅಂಗವಿಕಲರಿಗೆ ಮೂರು ಚಕ್ರದ ಮೋಟಾರು ಗಾಡಿಯನ್ನು ಸರಕಾರವೇ ಒದಗಿಸಿತು. ಅಲ್ಲಿ ಇದ್ದದ್ದು ಹಣವಲ್ಲ, ಮನಸ್ಸು. ನಮ್ಮಲ್ಲಿಯೂ ಮನಸ್ಸಿದ್ದ ಕಡೆ ಹಣ ಹುಟ್ಟುತ್ತದೆ. ಪಹಣಿ ಇದ್ದವನಿಗೆ ಸಹಕಾರಿ ಸಂಘದಲ್ಲಿ ಬಡ್ಡಿಯಿಲ್ಲದ ಬೆಳೆಸಾಲದ ಮಿತಿಯನ್ನು ರಾಜ್ಯ ಸರಕಾರ 2023ರಲ್ಲಿ 5 ಲಕ್ಷಕ್ಕೆ ಏರಿಸಿತು. ರೈತನಿಗೆ ಅದು ಬೇಕಾದದ್ದೇ, ನಮ್ಮ ತಕರಾರಿಲ್ಲ. ಭೂಮಿಯೂ ಇಲ್ಲದ, ಕಾಲೂ ಇಲ್ಲದ ದುಡಿಮೆಗಾರನಿಗೆ ಒಂದು ಲಕ್ಷ ಏಕಿಲ್ಲ ಎಂಬುದಷ್ಟೇ ನಮ್ಮ ಪ್ರಶ್ನೆ.

ನಮ್ಮ ಬೇಡಿಕೆ ನಾಲ್ಕು. ಗಾಲಿಕುರ್ಚಿಯ ಮೇಲೂ ಅಂಗವಿಕಲರ ಸ್ಕೂಟರಿನ ಮೇಲೂ ತೆರಿಗೆ ಪೂರ್ತಿ ತೊಲಗಲಿ. 75, 80ರ ಗಡಿ ಹೋಗಿ, ನಡೆಯಲಾರದ ಪ್ರತಿಯೊಬ್ಬ ದುಡಿಮೆಗಾರನೂ ಅರ್ಹನಾಗಲಿ. ಸಹಕಾರಿ ಸಂಘಗಳಲ್ಲಿ ಬಡ್ಡಿಯಿಲ್ಲದೆ, ಜಾಮೀನಿನ ಕಾಟವಿಲ್ಲದೆ, ಸಣ್ಣ ಕಂತಿನ ವಾಹನ ಸಾಲ ಸಿಗಲಿ. ಗ್ರಾಮ ಪಂಚಾಯತು ಅಂಗವಿಕಲರಿಗಾಗಿ ಮೀಸಲಿಡಬೇಕಾದ ನೂರಕ್ಕೆ 5ರ ಲೆಕ್ಕವನ್ನು ಪ್ರತಿ ಗ್ರಾಮಸಭೆಯಲ್ಲಿ ಓದಿ ಹೇಳಲಿ.

ಕೊನೆಯದನ್ನು ಕೇಳಲು ದಿಲ್ಲಿಗೆ ಹೋಗಬೇಕಾಗಿಲ್ಲ. ಗಿರಣಿ ಕೆಲಸಗಾರ ಬಂಧುಗಳೇ, ಇಂದು ಅಡಿಕೆ ಮರದಿಂದ ಬಿದ್ದವನ ಪಾಡು ನಾಳೆ ಯಂತ್ರದ ಬೆಲ್ಟಿಗೆ ಸಿಕ್ಕಿದವನ ಪಾಡು. ಮುಂದಿನ ಗ್ರಾಮಸಭೆಗೆ ಬನ್ನಿ. ಬರಲಾಗದವನನ್ನು ಎತ್ತಿಕೊಂಡಾದರೂ ಕರೆತನ್ನಿ. ಲೆಕ್ಕ ಕೇಳುವಾಗ ಅವನೇ ಎದುರಿಗೆ ಕುಳಿತಿರಲಿ.