ಮೊದಲ ಹಾಲು ಮೊದಲು ಕರುವಿಗೆ

ಈಗ ಯಾರ ಮನಿಗೆ ಹೋದ್ರೂ ಕೊಲಾಸ್ಟ್ರಮ್ ಡಬ್ಬಿದ ಸುದ್ದಿ. ಪುಡಿ ಕುಡದ್ರ ಶಕ್ತಿ ಬರ್ತದಂತ, ಗುಳಿಗಿ ನುಂಗಿದ್ರ ನೆಗಡಿ ಹತ್ರ ಸುಳಿಯಂಗಿಲ್ಲಂತ. ಅಕ್ಕಾ, ವೈನಿ, ಮಾವಶಿ, ಎಲ್ಲಾರಿಗೂ ಹೇಳ್ತೀನಿ, ಅದು ಬ್ಯಾರೆ ಏನೂ ಅಲ್ರಿ, ನಮ್ಮ ಗಿಣ್ಣದ ಹಾಲು. ಆಕಳ ಈದ ಕೂಡ್ಲೆ ಹಿಂಡೂ ಹಳದಿ, ಮಂದ ಹಾಲು. ಆ ಡಬ್ಬಿಗೆ ರೊಕ್ಕ ಹಾಕಬ್ಯಾಡ್ರಿ.

ಮೊದಲ್ನೇದು, ಆ ಹಾಲು ಯಾರದು? ನಮ್ಮ ಕೂಸಿಗೆ ಹೊಟ್ಟ್ಯಾಗ ಇದ್ದಾಗನ ಮಾಸದ ಮೂಲಕ ತಾಯಿಯಿಂದ ಪ್ರತಿಕಾಯ, ಅಂದ್ರ ರೋಗ ತಡಿಯೂ ಬಲ, ಬಂದಿರ್ತದ. ಆಕಳ ಮಾಸ ಅದನ್ನ ದಾಟಿಸೂದಿಲ್ಲ. ಹಿಂಗಾಗಿ ಕರು ಹೆಚ್ಚುಕಡಿಮಿ ಬರಿಗೈಲೇ ಹುಟ್ಟತದ. ಅದಕ್ಕ ಬರೂದೆಲ್ಲಾ ಗಿಣ್ಣದ ಹಾಲಿನಿಂದ. ಅದೂ ಸುಮಾರು 24 ತಾಸಿನೊಳಗ. ಆಮ್ಯಾಲೆ ಕರುವಿನ ಕರುಳು ಆ ಪ್ರತಿಕಾಯ ರಕ್ತಕ್ಕ ಬಿಟ್ಟುಕೊಳ್ಳೂದಿಲ್ಲ. ಮೊದಲ 4-6 ತಾಸು ಎಲ್ಲಾಕಿಂತ ಮುಖ್ಯ. 40 ಕಿಲೊ ತೂಕದ ಕರುವಿಗೆ ಸುಮಾರು 4 ಲೀಟರ್ ಕುಡಿಸಬೇಕು. ಮೊದಲ ಸಲ ಹಿಂಡಿದ ಹಾಲಿನಾಗ ಇರೂ ಸತ್ವ ಎರಡನೇ ಸಲಕ್ಕ ಭಾಳ ಇಳದಿರ್ತದ.

ಈಗ ಡಬ್ಬಿ ಹೆಂಗ ತಯಾರಾಗ್ತದ ನೋಡೋಣ. ನ್ಯೂಜಿಲೆಂಡ್‌ದಂಥ ದೇಶದಾಗ ಜುಲೈ-ಆಗಸ್ಟ್ ಸುಮಾರಿಗೆ ಹಿಂಡಿಗೆ ಹಿಂಡೇ ಆಕಳ ಒಮ್ಮೆಲೆ ಈಯ್ತಾವ. ಗಿಣ್ಣದ ಹಾಲನ್ನ ಬ್ಯಾರೆ ಹಿಂಡಿ, ತಂಪು ಮಾಡಿ ಕಾರ್ಖಾನಿಗೆ ಕಳಸ್ತಾರ. ಅಲ್ಲೆ ಔಷಧದ ಅಂಶ ಅದ ಏನು ಅಂತ ಪರೀಕ್ಷಾ ಮಾಡಿ, ಕೆನಿ ತಗದು, ಸಣ್ಣ ಶಾಖದಾಗ ಕಾಸಿ, ಒಣಗಿಸಿ ಪುಡಿ ಮಾಡ್ತಾರ. ಸಣ್ಣ ಶಾಖ ಯಾಕ? ಜೋರು ಕಾಸಿದ್ರ ಪ್ರತಿಕಾಯ ಕೆಡ್ತದ, ಹಾಲೂ ಹೆಪ್ಪುಗಟ್ಟತದ. ನಾವು ಒಲಿ ಮ್ಯಾಲೆ ಗಿಣ್ಣ ಮಾಡೂದು ಅದನ್ನ ನೆಚ್ಚಿಕೊಂಡs ಅಲ್ಲೇನು?

"ಕರುವಿಗೆ ಕುಡಿಸಿ ಉಳದದ್ದಷ್ಟ ತೊಗೋತೀವಿ" ಅಂತಾರ ಮಾರಾವರು. ಸೀಮಿ ಆಕಳ ಹೆಚ್ಚಿಗಿ ಹಿಂಡ್ತಾವ, ಉಳಿಯೂದೂ ಖರೆ. ಆದ್ರ ಪುಡಿಯೊಳಗ ಸತ್ವ ಹೆಚ್ಚಿರಬೇಕಂದ್ರ ಮೊದಲ ಸಲ ಹಿಂಡಿದ್ದs ಬೇಕು. ಕರುವಿಗೂ ಅದs ಬೇಕು. ಒಂದ ತಂಬಿಗಿಗೆ ಇಬ್ಬರು ಕೈ ಚಾಚಿದಾಗ, ಒಬ್ಬರು ರೊಕ್ಕ ಕೊಡಾವ್ರು, ಇನ್ನೊಂದು ಮಾತು ಬರದ ಜೀವ. ಯಾರು ಗೆಲ್ತಾರ ನೀವ ಹೇಳ್ರಿ. ಎಷ್ಟನೇ ಸಲ ಹಿಂಡಿದ್ದು, ಕರು ಎಷ್ಟು ಕುಡೀತು ಅಂತ ನಿಮ್ಮನ್ಯಾಗಿನ ಡಬ್ಬಿ ಮ್ಯಾಲೆ ಬರದದ ಏನು, ಹುಡುಕಿ ನೋಡ್ರಿ.

ಇನ್ನ ನಮ್ಮ ಹೊಟ್ಟಿ ಮಾತು. ಕರುವಿನ ಕರುಳಿನಂಗ ನಮ್ಮ ಕರುಳು ಪ್ರತಿಕಾಯನ್ನ ಇಡಿಯಾಗಿ ರಕ್ತಕ್ಕ ಬಿಡೂದಿಲ್ಲ. ಹೆಚ್ಚಿನ ಪಾಲು ಬ್ಯಾಳಿ, ತತ್ತಿ ಅರಗಿದಂಗ ಅರಗಿ ಹೋಗ್ತದ. ಹೊಟ್ಟಿ-ಕರುಳಿಗೆ ಸ್ವಲ್ಪ ಉಪಯೋಗ ಇರಬಹುದು ಅಂತ ಅಧ್ಯಯನ ನಡದಾವ. ಅದನ್ನ ಹಿಡಕೊಂಡು ಎಲ್ಲಾ ರೋಗಕ್ಕೂ ಮದ್ದು ಅಂತ ಮಾರಿದ್ರ ನಂಬಬಾರದು. ಆಟೋಟದ ಸ್ಪರ್ಧಾಕ್ಕ ಹೋಗೂ ಮಕ್ಕಳ ತಾಯಂದಿರು ಇದನ್ನೂ ಕೇಳ್ರಿ: ಕೊಲಾಸ್ಟ್ರಮ್‌ದಾಗ ಬೆಳವಣಿಗಿ ಅಂಶ ಇರ್ತಾವ, ಡೋಪಿಂಗ್ ಪರೀಕ್ಷಾಕ್ಕ ತೊಡಕಾಗಬಹುದು, ಹಂಗಾಗಿ ತೊಗೊಳ್ಳೂದು ಬ್ಯಾಡ ಅಂತ ವಾಡಾ ಸಂಸ್ಥೆನ ಹೇಳೇದ.

ನನಗ ಸಿಟ್ಟು ಬರೂದು ಮುಂದಿನ ಮಾತಿಗೆ. ಆಕಳ ಗಿಣ್ಣಕ್ಕ ಸಾವಿರಗಟ್ಟಲೆ ಸುರಿಯೂ ಮನ್ಯಾಗನ ಬಾಣಂತಿಯ ಮೊದಲ ಹಾಲು "ಹಳದಿ ಅದ, ಕೆಟ್ಟದ್ದು" ಅಂತ ಹಿಂಡಿ ಚೆಲ್ಲಿಸ್ತಾರ, ಕೂಸಿನ ಬಾಯಿಗೆ ಜೇನತುಪ್ಪ ಸವರ್ತಾರ. ಹುಟ್ಟಿದ ಒಂದು ತಾಸಿನೊಳಗ ತಾಯಿ ಹಾಲು ಕೊಡ್ರಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದ. ಒಂದು ವರ್ಷದೊಳಗಿನ ಕೂಸಿಗೆ ಜೇನತುಪ್ಪ ಕೊಡಲೇಬಾರದು. ಕೂಸಿಗೆ ಬೇಕಾದ ಖರೆ ಗಿಣ್ಣ ಅದರ ತಾಯಿ ಎದ್ಯಾಗ ಅದ, ಪುಕ್ಕಟ ಅದ. ಅದನ್ನ ಚೆಲ್ಲಿ ಇದನ್ನ ಕೊಳ್ಳೂದು ಯಾವ ಶಾಣ್ಯಾತನ?

ಗಿಣ್ಣ ತಿನ್ನಬ್ಯಾಡ್ರಿ ಅಂತ ನಾ ಹೇಳವಲ್ಲೆ. ಕರು ಹೊಟ್ಟಿತುಂಬ ಕುಡದ ಮ್ಯಾಲೆ ಉಳದ್ರ ಬೆಲ್ಲ, ಯಾಲಕ್ಕಿ ಹಾಕಿ ಕಾಸ್ರಿ, ಓಣಿಗೆಲ್ಲಾ ಒಂದೊಂದು ಬಟ್ಟಲಾ ಹಂಚ್ರಿ. ಸಿಹಿ ಅಂತ ತಿನ್ರಿ, ಔಷಧ ಅಂತ ಅಲ್ಲ. ಡಬ್ಬಿ ರೊಕ್ಕದಾಗ ಬಾಣಂತಿಗೆ ಹಾಲು, ಸೊಪ್ಪು, ಬ್ಯಾಳಿ ತರ್ರಿ.