ರಿಪೀಟರ್‌ಗೆ ರಿಬ್ಬನ್ ಬೇಡ, ಬ್ಯಾಟರಿ ಕೊಡಿ

ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಜಿಲ್ಲಾ ಕೇಂದ್ರಗಳಲ್ಲಿ ಪೂರ್ವಸಿದ್ಧತಾ ಸಭೆ ನಡೆಯುತ್ತದೆ. ದೋಣಿ, ಜೆಸಿಬಿ, ಕಾಳಜಿ ಕೇಂದ್ರ, ಮರ ಕೊಯ್ಯುವ ಮೆಷಿನ್ ಎಲ್ಲದರ ಲೆಕ್ಕ ಆದಮೇಲೆ ಯಾರಾದರೊಬ್ಬರು ‘ಹ್ಯಾಮ್‌ನವರೂ ಇದ್ದಾರಲ್ಲ’ ಎನ್ನುತ್ತಾರೆ. ನಡಾವಳಿಯಲ್ಲಿ ಒಂದು ಸಾಲು ಬೀಳುತ್ತದೆ. ಆ ಸಾಲನ್ನು ನಂಬಿ ಯಾರೂ ನಿಶ್ಚಿಂತರಾಗಿ ಮಲಗಬಾರದು ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಮಲೆನಾಡಿನ ಪೇಟೆಯೊಂದರಲ್ಲಿ ರೇಡಿಯೊ, ಟಿವಿ ರಿಪೇರಿ ಅಂಗಡಿ. ಕೇಂದ್ರ ಸರ್ಕಾರದ ಪರೀಕ್ಷೆ ಬರೆದು, ಮೋರ್ಸ್ ಕುಟ್ಟಿ, ಹವ್ಯಾಸಿ ರೇಡಿಯೊ, ಅಂದರೆ ಹ್ಯಾಮ್, ಲೈಸೆನ್ಸ್ ಪಡೆದವನು. ಹತ್ತಿರದ ಗುಡ್ಡದ ಮೇಲೆ ನಮ್ಮ ಗೆಳೆಯರ ಗುಂಪಿನ ರಿಪೀಟರ್ ಇದೆ. ಗುಡ್ಡದ ಹೆಸರು ಬರೆಯುವುದಿಲ್ಲ. ತಾಮ್ರ ಕದಿಯುವವರೂ ಪೇಪರ್ ಓದುತ್ತಾರೆ.

ಕೈಯಲ್ಲಿ ಹಿಡಿಯುವ ನಮ್ಮ ಸೆಟ್ಟಿನ ಶಕ್ತಿ ಹೆಚ್ಚೆಂದರೆ 5 ವ್ಯಾಟ್. 144ರಿಂದ 146 ಮೆಗಾಹರ್ಟ್ಸ್‌ನ ಅಲೆಗಳು ನೇರ ದಾರಿಯವು, ಎದುರಿಗೆ ಗುಡ್ಡ ಬಂದರೆ ಅಲ್ಲಿಗೆ ಮುಗಿಯಿತು. ಅದಕ್ಕೇ ಗುಡ್ಡದ ನೆತ್ತಿಯಲ್ಲೊಂದು ಪೆಟ್ಟಿಗೆ ಕೂರಿಸುತ್ತೇವೆ. ಅದು ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡದ್ದನ್ನು ಅದೇ ಕ್ಷಣದಲ್ಲಿ ಇನ್ನೊಂದರಲ್ಲಿ ಗಟ್ಟಿಯಾಗಿ ಹೇಳುತ್ತದೆ. ಎಷ್ಟು ದೂರ ಎನ್ನುವುದಕ್ಕೆ ಸರಳ ಲೆಕ್ಕವಿದೆ: ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಕಿಲೋಮೀಟರ್ ಸಿಗುತ್ತದೆ. ಸುತ್ತಲಿನ ನೆಲಕ್ಕಿಂತ 900 ಮೀಟರ್ ಎತ್ತರದ ಗುಡ್ಡವಾದರೆ 120 ಕಿ.ಮೀ.ಗೂ ಮೀರಿ ಕೇಳಬೇಕು. ಕಾಗದದ ಮೇಲೆ.

ಪೆಟ್ಟಿಗೆಯೊಳಗಿನ ಕಷ್ಟ ಬೇರೆಯದೇ. ಕೇಳುವ ಮತ್ತು ಹೇಳುವ ಫ್ರೀಕ್ವೆನ್ಸಿಗಳ ನಡುವೆ ಇರುವ ಅಂತರ 600 ಕಿಲೋಹರ್ಟ್ಸ್ ಮಾತ್ರ, ಆಂಟೆನಾ ಒಂದೇ. 25 ವ್ಯಾಟ್‌ನಲ್ಲಿ ಕೂಗುತ್ತಲೇ, ಒಂದು ವೋಲ್ಟಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆ ಇರುವ ಸಿಗ್ನಲ್ ಹಿಡಿಯಬೇಕು. ಚೆಂಡೆ ಬಾರಿಸುವವನೇ ಪಕ್ಕದ ಮನೆಯ ಪಿಸುಮಾತಿಗೂ ಕಿವಿಗೊಡಬೇಕಾದ ಸ್ಥಿತಿ. ಇವೆರಡನ್ನೂ ಬೇರ್ಪಡಿಸುವುದು ಡ್ಯುಪ್ಲೆಕ್ಸರ್ ಎಂಬ ಉದ್ದನೆಯ ಲೋಹದ ಡಬ್ಬಿಗಳ ಸಾಲು. ಅವುಗಳ ಶ್ರುತಿ ಕೊಂಚ ಜಾರಿದರೂ ರಿಪೀಟರ್ ಮಾತಾಡುತ್ತಿರುತ್ತದೆ, ಕಿವಿ ಮಾತ್ರ ಮಂದವಾಗಿರುತ್ತದೆ. ಪೇಟೆಯಲ್ಲಿ ಕೂತವರಿಗೆ ಎಲ್ಲ ಸರಿಯಿದೆ ಅನಿಸುತ್ತದೆ. ಕಣಿವೆಯಿಂದ ಕ್ಷೀಣ ದನಿಯಲ್ಲಿ ಕರೆಯುತ್ತಿರುವವನಿಗಷ್ಟೇ ಗೊತ್ತು ಅದು ಕೆಟ್ಟಿದೆ ಎಂದು.

ಇಷ್ಟೆಲ್ಲ ಮಾಡಿದರೂ ಒಂದು ಗುಡ್ಡ ಒಂದು ಮಗ್ಗುಲಿಗೆ ಮಾತ್ರ. ಘಟ್ಟದ ಅಂಚು ಅಡ್ಡ ನಿಂತಿರುವುದರಿಂದ ಮೇಲಿನವರ ಮಾತು ಕರಾವಳಿಗೆ ಇಳಿಯುವುದಿಲ್ಲ. ಹಾಗಾಗಿ ರಿಪೀಟರ್‌ಗಳನ್ನು ಒಂದಕ್ಕೊಂದು ಜೋಡಿಸಬೇಕು. ಹಳೆಯ ದಾರಿಯೆಂದರೆ, ಪ್ರತಿ ಗುಡ್ಡದಲ್ಲೂ 434ರಿಂದ 438 ಮೆಗಾಹರ್ಟ್ಸ್‌ನ ಇನ್ನೊಂದು ಸೆಟ್ಟು, ಎದುರಿನ ಗುಡ್ಡಕ್ಕೆ ಮುಖ ಮಾಡಿದ ಯಾಗಿ ಆಂಟೆನಾ. ಹೊಸ ದಾರಿ ಇಂಟರ್‌ನೆಟ್. ಕೆನಡಾದಲ್ಲಿ ಹುಟ್ಟಿದ ಐಆರ್‌ಎಲ್‌ಪಿ, 2002ರಲ್ಲಿ ಬಂದ ಎಕೋಲಿಂಕ್, ಆಮೇಲೆ ಆಲ್‌ಸ್ಟಾರ್, ಈಗಿನ ಡಿಜಿಟಲ್ ಹಾಟ್‌ಸ್ಪಾಟ್‌ಗಳು. ಅಂಗೈಯಗಲದ ಕಂಪ್ಯೂಟರ್ ಬೋರ್ಡು, ಒಂದು ಸಿಮ್ ಇದ್ದರೆ ಒಂದು ಭಾನುವಾರದಲ್ಲಿ ಕೆಲಸ ಮುಗಿಯುತ್ತದೆ. ಬೆಂಗಳೂರಿನ ಗೆಳೆಯರು ‘ಇನ್ನೂ ಯಾಕೆ ಗುಡ್ಡ ಹತ್ತಿ ಸಾಯ್ತೀರಿ ಮಾರಾಯ್ರೇ’ ಎಂದು ಕೇಳುವುದು ಇದೇ ಧೈರ್ಯದಲ್ಲಿ.

ನನ್ನ ತಕರಾರಿರುವುದೂ ಇಲ್ಲೇ. ಎಕೋಲಿಂಕ್‌ನಲ್ಲಿ ಬ್ರೆಜಿಲ್‌ನವರ ಜೊತೆ ಹರಟೆ ಹೊಡೆಯುವುದಕ್ಕೆ ನನ್ನದೇನೂ ಅಡ್ಡಿಯಿಲ್ಲ, ನಾನೂ ಹೊಡೆಯುತ್ತೇನೆ. ಆದರೆ ವಿಪತ್ತಿಗೆಂದು ಕಟ್ಟುವ ಜಾಲ, ವಿಪತ್ತಿನಲ್ಲಿ ಮೊದಲು ಬೀಳುವುದರ ಮೇಲೆಯೇ ನಿಂತಿರಬಾರದು. ಗುಡ್ಡ ಕುಸಿದಾಗ ರಸ್ತೆ ಹೋಗುತ್ತದೆ, ರಸ್ತೆ ಬದಿಯ ಫೈಬರ್ ಅದರ ಜೊತೆಗೇ ಹೋಗುತ್ತದೆ. ಕರೆಂಟ್ ಇರುವುದಿಲ್ಲ, ಮೊಬೈಲ್ ಟವರಿನ ಜನರೇಟರಿಗೆ ಡೀಸೆಲ್ ಒಯ್ಯಲು ರಸ್ತೆಯೇ ಇಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆಯವರು ಇದನ್ನೆಲ್ಲ ಕಂಡಿದ್ದಾರೆ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದಾಗ ಕೇರಳದ ಹ್ಯಾಮ್‌ಗಳು ಕಲ್ಪೆಟ್ಟದ ಕಲೆಕ್ಟರ್ ಕಚೇರಿಯಲ್ಲಿ ಸೆಟ್ಟು ಹೂಡಿ ಕೂತರು. ಅವರ ಕೈಹಿಡಿದದ್ದು ಅಂಬಲವಯಲ್ ಕಡೆಯ ಎತ್ತರದಲ್ಲಿ ಮೊದಲಿನಿಂದಲೂ ಇದ್ದ ರಿಪೀಟರ್. ‘ಮೊದಲಿನಿಂದಲೂ ಇದ್ದ’ ಎನ್ನುವುದನ್ನು ಅಧಿಕಾರಿಗಳು ಗಮನಿಸಬೇಕು. ಅನಾಹುತವಾದ ಮೇಲೆ ಆ ಮಳೆಯಲ್ಲಿ ಯಾರೂ ಹೊಸದಾಗಿ ಡ್ಯುಪ್ಲೆಕ್ಸರ್ ಟ್ಯೂನ್ ಮಾಡಲಾರರು.

ಇನ್ನು ಖರ್ಚು. ಕಟ್ಟುವ ದುಡ್ಡು ಹೇಗೋ ಹುಟ್ಟುತ್ತದೆ. ಯಾರೋ ದಾನಿ, ಯಾವುದೋ ಕ್ಲಬ್ಬು, ಒಂದು ಫೋಟೊ. ಗುಡ್ಡದ ಮೇಲೆ ನಿಜವಾಗಿ ದುಡ್ಡು ತಿನ್ನುವುದು ಬ್ಯಾಟರಿ. ಲೆಕ್ಕ ಹೇಳುತ್ತೇನೆ. ರಿಪೀಟರ್ ಸುಮ್ಮನೆ ಕೇಳುತ್ತಿರುವಾಗ ಅರ್ಧ ಆಂಪಿಯರ್, ಮಾತಾಡುವಾಗ 6 ಆಂಪಿಯರ್ ಎಂದಿಟ್ಟುಕೊಳ್ಳಿ. ದಿನಕ್ಕೆ 2 ಗಂಟೆ ಮಾತಾದರೆ 23 ಆಂಪಿಯರ್-ಅವರ್. ಮೂರು ಗುಡ್ಡ ಜೋಡಿಸಿದಿರೋ, ಆ ಕಡೆಯವರ ಮಾತೂ ನಮ್ಮ ಗುಡ್ಡದಿಂದ ಹೊರಡಬೇಕು. 2 ಗಂಟೆ ಇದ್ದದ್ದು 6 ಆಯಿತು, 23 ಇದ್ದದ್ದು 45ಕ್ಕೆ ಏರಿತು. ಲಿಂಕ್ ಸೆಟ್ಟು ತಿನ್ನುವುದು ಬೇರೆ. 100 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ತೆಗೆದರೆ ಅದರ ಆಯಸ್ಸು ಕರಗುತ್ತದೆ. ಅಂದರೆ ಬಿಸಿಲಿಲ್ಲದೆ ಒಂದೇ ದಿನ. ನಮ್ಮಲ್ಲಿ ಜುಲೈನಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಸೋಲಾರ್ ಪ್ಯಾನೆಲ್ ಮೇಲೆ ಪಾಚಿ ಕಟ್ಟುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಲಿಂಕನ್ನು ಸಾಮಾನ್ಯವಾಗಿ ಮುಚ್ಚಿಟ್ಟು, ಬೆಳಿಗ್ಗೆ ಸಂಜೆ ಹಾಜರಿ ಕರೆಯುವಾಗ ಮಾತ್ರ ತೆರೆಯುತ್ತೇವೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದ್ದರೆ ಈ ಜಿಪುಣತನ ಬೇಕಾಗುತ್ತಿರಲಿಲ್ಲ. ಅದನ್ನು ಅಂಗಡಿಯ ಲಾಭದಲ್ಲಿ ಕೊಳ್ಳುವುದು ನನ್ನಿಂದಾಗದು.

ಬ್ಯಾಟರಿ ಕಾಟ ನಮ್ಮೊಬ್ಬರದೇ ಎಂದು ತಿಳಿಯಬೇಡಿ. ಇಸ್ರೊ 2005ರ ಮೇ 5ರಂದು ಹ್ಯಾಮ್‌ಸ್ಯಾಟ್ ಹಾರಿಸಿತ್ತು. ಅದೂ ಆಕಾಶದಲ್ಲಿದ್ದ ಒಂದು ಬಗೆಯ ರಿಪೀಟರೇ. ಅದರ ಒಂದು ಟ್ರಾನ್ಸ್‌ಪಾಂಡರ್ ನಮ್ಮ ದೇಶದ ಹ್ಯಾಮ್‌ಗಳದ್ದು, ಇನ್ನೊಂದನ್ನು ನೆದರ್‌ಲ್ಯಾಂಡ್ಸ್‌ನ ಒಬ್ಬ ವಿದ್ಯಾರ್ಥಿ ಮಾಡಿದ್ದ. ಎರಡು ವರ್ಷಕ್ಕೆಂದು ಹೋದದ್ದು ಒಂಬತ್ತು ವರ್ಷ ದುಡಿದು 2014ರಲ್ಲಿ ನಿಂತಿತು. ಕೈಕೊಟ್ಟದ್ದು ಬ್ಯಾಟರಿಯೇ. ಅಲ್ಲಿಗೆ ಯಾರೂ ಹತ್ತಲಾರರು, ಇಲ್ಲಿಗೆ ಹತ್ತಬಹುದು. ನಮ್ಮ ಅದೃಷ್ಟ ಇಷ್ಟೆ.

ಹತ್ತಿದ ಮೇಲೆ ಕೆಲಸಕ್ಕೇನೂ ಕಡಿಮೆಯಿಲ್ಲ. ಕೇಬಲ್ಲಿನ ಕನೆಕ್ಟರಿನಲ್ಲಿ ನೀರು ಇಳಿದಿರುತ್ತದೆ. ಮಾಮೂಲಿ ಪಿವಿಸಿ ಟೇಪು ಒಂದು ಮಳೆಗಾಲಕ್ಕೇ ಸುಲಿದುಹೋಗುತ್ತದೆ, ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪೇ ಬೇಕು. ಕೇಬಲನ್ನು ಕೋಣೆಯೊಳಗೆ ತರುವ ಮೊದಲು ಕೆಳಗೆ ಬಾಗಿಸದಿದ್ದರೆ ನೀರು ಅದರ ಗುಂಟ ನಡೆದುಕೊಂಡೇ ಒಳಗೆ ಬರುತ್ತದೆ. ಫ್ಯಾನಿನ ಕಿಂಡಿಯಲ್ಲಿ ಕಣಜದ ಗೂಡು, ಯಾಗಿಯ ಕಡ್ಡಿ ಬಗ್ಗಿಸಿದ ಮಂಗ. ಜಂಬಿಟ್ಟಿಗೆಯ ನೆಲದಲ್ಲಿ ಅರ್ತಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗುತ್ತದೆ, ಸಿಡಿಲು ಬರುವುದೂ ಏಪ್ರಿಲ್, ಮೇನಲ್ಲಿಯೇ. ಇದ್ದಲು, ಉಪ್ಪು ಹಾಕಿ ಕೊಡ ಕೊಡ ನೀರು ಹೊತ್ತು ಸುರಿಯುತ್ತೇವೆ. ನನ್ನ ಮಂಡಿ ಈಗ ಮೊದಲಿನಂತಿಲ್ಲ. ಟವರ್ ಹತ್ತುವ ಹುಡುಗ ಕೆಲಸ ಹುಡುಕಿ ಬೆಂಗಳೂರಿಗೆ ಹೊರಟಿದ್ದಾನೆ.

ಜಾಲ ದೊಡ್ಡದಾದಂತೆ ಶಿಸ್ತೂ ಬೇಕು. ಸರಪಳಿಯ ಪ್ರತಿ ರಿಪೀಟರೂ ಎಚ್ಚೆತ್ತುಕೊಳ್ಳಲು ಒಂದಿಷ್ಟು ಸಮಯ ಹಿಡಿಯುತ್ತದೆ. ಬಟನ್ ಒತ್ತಿದ ಕೂಡಲೇ ಮಾತು ಶುರು ಮಾಡಿದರೆ ಮೊದಲ ಪದ ಕೊನೆಯ ಗುಡ್ಡ ತಲುಪುವುದಿಲ್ಲ. ಆ ಪದ ‘ಬೇಡ’ ಆಗಿದ್ದರೆ? ಯಾರದೋ ಜೀಪಿನ ಸೀಟಿನಡಿ ಮೈಕಿನ ಬಟನ್ ಒತ್ತಿಕೊಂಡೇ ಉಳಿದರೆ ಎಲ್ಲ ಗುಡ್ಡಗಳೂ ಒಟ್ಟಿಗೆ ಬಾಯಿ ಕಳೆದುಕೊಳ್ಳುತ್ತವೆ. ಲಿಂಕ್ ಕತ್ತರಿಸುವ ಅಧಿಕಾರವಿರುವ ಒಬ್ಬ ಸದಾ ಕಿವಿಗೊಟ್ಟಿರಬೇಕು. ಇವನ್ನೆಲ್ಲ ಅಣಕು ಕಾರ್ಯಾಚರಣೆಯ ದಿನ ಕಲಿಸಲಾಗದು. ಇಲಾಖೆಯೊಂದು ನಾಲ್ಕು ದಿನದ ಉತ್ಸಾಹದಲ್ಲಿ ಕೊಂಡ ವಾಕಿಟಾಕಿಗಳು ಬ್ಯಾಟರಿ ಉಬ್ಬಿದ ಸ್ಥಿತಿಯಲ್ಲಿ ನನ್ನ ಅಂಗಡಿಗೆ ರಿಪೇರಿಗೆ ಬಂದದ್ದಿದೆ.

ಸರ್ಕಾರ ನಮಗೆ ಸಂಬಳ ಕೊಡುವಂತಿಲ್ಲ. ಹವ್ಯಾಸಿಗಳು ಸಂದೇಶಕ್ಕೆ ಹಣ ಪಡೆಯಬಾರದು ಎನ್ನುವುದು ನಿಯಮ, ಸರಿಯಾದ ನಿಯಮ. ನಾವು ಕೇಳುತ್ತಿರುವುದು ಜಾಗ. ಗುಡ್ಡಗಳ ಮೇಲೆ ಪೊಲೀಸ್ ವೈರ್‌ಲೆಸ್ಸಿನದು, ದೂರಸಂಪರ್ಕದ್ದು, ದೂರದರ್ಶನದ್ದು ಎಂದು ಸರ್ಕಾರಿ ಟವರ್‌ಗಳಿವೆ. ಹಲವದರಲ್ಲಿ ಕಾವಲುಗಾರ, ಬೇಲಿ, ಅರ್ತಿಂಗ್ ಎಲ್ಲ ಇದೆ. ಒಂದು ಮೂಲೆ, ಒಂದು ಕಪಾಟು, ಅವರ 48 ವೋಲ್ಟಿನ ಬ್ಯಾಟರಿಯಿಂದ ಒಂದು ತಂತಿ ಸಾಕು. 12 ವೋಲ್ಟಿಗೆ ಇಳಿಸುವ ಕನ್ವರ್ಟರ್ ನಾವೇ ತರುತ್ತೇವೆ. ಅರಣ್ಯದ ಗೇಟು ದಾಟಲು ಪ್ರತಿ ಸಲ ಹೊಸ ಅರ್ಜಿ ಬೇಡ, ವರ್ಷಕ್ಕೊಂದು ಪತ್ರ ಕೊಡಲಿ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಆಯವ್ಯಯದಲ್ಲಿ ಬ್ಯಾಟರಿ, ಕೇಬಲ್, ಹಗ್ಗಕ್ಕೆಂದು ಪ್ರತಿ ವರ್ಷದ ಪುಟ್ಟ ಬಾಬತ್ತೊಂದು ಇರಲಿ.

ಮುಂದಿನ ಅಣಕು ಕಾರ್ಯಾಚರಣೆಯಲ್ಲಿ ಜಿಲ್ಲಾಧಿಕಾರಿಗಳು ಎಲ್ಲರ ಮೊಬೈಲ್ ಕಸಿದು ಮೇಜಿನ ಖಾನೆಗೆ ಹಾಕಲಿ, ಕಚೇರಿಯ ಇಂಟರ್‌ನೆಟ್ ತೆಗೆಸಲಿ. ಆಮೇಲೆ ಘಟ್ಟದ ಕೆಳಗಿನ ತಾಲ್ಲೂಕಿಗೆ ಒಂದು ಪಟ್ಟಿ ಓದಿ ಹೇಳಿಸಲಿ: ಹತ್ತು ಹೆಸರು, ಹತ್ತು ಔಷಧಿ. ಆ ಕಡೆ ಬರೆದುಕೊಂಡದ್ದನ್ನು ಈ ಕಡೆಯದಕ್ಕೆ ತಾಳೆ ನೋಡೋಣ. ಮೂರು ಗುಡ್ಡಗಳಿಗೆ ನಮ್ಮವರು ಹಿಂದಿನ ದಿನವೇ ಹತ್ತಿರುತ್ತಾರೆ. ಜೀಪು ಇಲಾಖೆಯದ್ದು ಕೊಟ್ಟರೆ ಸಾಕು, ಡೀಸೆಲ್ ನಾವೇ ಹಾಕಿಸುತ್ತೇವೆ.